ಉಸಿರೂ ಮಾತೂ

ಉಸಿರು ಮತ್ತು ಮಾತು ಒಂದೇ ಗಾಳಿಯ ಎರಡು ರೂಪಗಳು. ಒಳಗೆ ಹೋದ ಗಾಳಿ ಜೀವವನ್ನು ಕಾಯುತ್ತದೆ. ಹೊರಗೆ ಬರುವ ಗಾಳಿ ಗಂಟಲಿನಲ್ಲಿ ನಾದವಾಗಿ, ನಾಲಗೆ ತುಟಿಗಳ ನಡುವೆ ಅಕ್ಷರವಾಗಿ, ಕೇಳುವವನ ಮನಸ್ಸಿನಲ್ಲಿ ಅರ್ಥವಾಗುತ್ತದೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ನಾಭಿಯ ಮೂಲದಿಂದ ಏಳುವ ಗಾಳಿಯನ್ನು ಹೇಳಿ, ಕಹಳೆಯ ಹೋಲಿಕೆಯನ್ನು ಕೊಟ್ಟಿದ್ದಾನೆ. ಗಾಳಿಯಿಲ್ಲದೆ ಕಹಳೆ ಮೊಳಗದು. ಉಸಿರಿಲ್ಲದೆ ಮಾತು ಹೊರಡದು. ಆರೋಗ್ಯವಂತನಾದ ಮನುಷ್ಯನಿಗೆ ಈ ಸಂಬಂಧ ನೆನಪಿಗೆ ಬರುವುದೇ ಇಲ್ಲ. ಅವನು ನಡೆಯುತ್ತ ಮಾತನಾಡುತ್ತಾನೆ, ಹೊಲದಲ್ಲಿ ದುಡಿಯುತ್ತ ಹಾಡುತ್ತಾನೆ, ಜಗಳಕ್ಕೆ ನಿಂತರೆ ಒಂದೇ ಉಸಿರಿನಲ್ಲಿ ಹತ್ತು ಮಾತು ಆಡುತ್ತಾನೆ. ಶ್ವಾಸಕೋಶ ದುರ್ಬಲವಾದ ದಿನವೇ ಉಸಿರಿನ ಬೆಲೆಯೂ ಮಾತಿನ ಬೆಲೆಯೂ ಒಟ್ಟಿಗೆ ತಿಳಿಯುತ್ತವೆ.

ಅಂಥ ದಿನ ರೋಗಿಯನ್ನು ಆಸ್ಪತ್ರೆಗೆ ಕರೆತರುತ್ತಾರೆ. ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕನ್ನು ಮುಖಕ್ಕೆ ಹಾಕುತ್ತಾರೆ. ಕೆಲವರಿಗೆ ಸಿಲಿಂಡರಿನಿಂದ ಬರುವ ಆಮ್ಲಜನಕ ಸಾಕಾಗುತ್ತದೆ. ಇನ್ನು ಕೆಲವರಿಗೆ ಬೈಪ್ಯಾಪ್ ಎಂಬ ಯಂತ್ರ ಬೇಕಾಗುತ್ತದೆ. ಅದು ಒಳಉಸಿರಿನ ಹೊತ್ತಿಗೆ ಹೆಚ್ಚು ಒತ್ತಡದಿಂದಲೂ ಹೊರಉಸಿರಿನ ಹೊತ್ತಿಗೆ ಕಡಮೆ ಒತ್ತಡದಿಂದಲೂ ಗಾಳಿಯನ್ನು ನೂಕುತ್ತದೆ. ಗಾಳಿ ಸೋರದಂತೆ ಈ ಮಾಸ್ಕನ್ನು ಪಟ್ಟಿಗಳಿಂದ ತಲೆಯ ಹಿಂದಕ್ಕೆ ಬಿಗಿಯುತ್ತಾರೆ. ರೋಗಿಗೆ ಉಸಿರು ದೊರೆಯುತ್ತದೆ. ಬಂಧುಗಳು ನಿಟ್ಟುಸಿರು ಬಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ರೋಗಿ ಏನನ್ನೋ ಹೇಳಲು ತೊಡಗುತ್ತಾನೆ. ಒಳಗಿನಿಂದ ಗೊಣಗುಟ್ಟಿದಂತೆ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಹತ್ತಿರ ನಿಂತವರು ‘ಆಯಿತು, ಆಯಿತು, ಸುಮ್ಮನೆ ಮಲಗು’ ಎನ್ನುತ್ತಾರೆ. ಏನು ಆಯಿತು ಎಂಬುದು ಅವರಿಗೂ ತಿಳಿಯದು. ಎರಡು ಮೂರು ಸಲ ಯತ್ನಿಸಿ ರೋಗಿ ಮುಖ ತಿರುಗಿಸಿಕೊಳ್ಳುತ್ತಾನೆ.

ಈ ಮೌನವನ್ನು ಎಲ್ಲರೂ ಸಹಜವೆಂದು ಒಪ್ಪಿಕೊಂಡಂತಿದೆ. ಅದು ಸಹಜವೂ ಅಲ್ಲ, ಅನಿವಾರ್ಯವೂ ಅಲ್ಲ. ಮಾಸ್ಕು ಧರಿಸಿದ ರೋಗಿ ಸ್ಪಷ್ಟವಾಗಿ ಮಾತನಾಡುವಂತೆ ನೆರವಾಗುವುದು, ಅವನ ಮಾತನ್ನು ತಾಳ್ಮೆಯಿಂದ ತಿಳಿದುಕೊಳ್ಳುವುದು ಚಿಕಿತ್ಸೆಯ ಒಂದು ಅಂಗವೇ ಆಗಬೇಕು. ಔಷಧ ಕೊಟ್ಟ ಬಳಿಕ ಬಿಡುವು ಸಿಕ್ಕರೆ ತೋರುವ ದಯೆ ಎಂದು ಅದನ್ನು ಭಾವಿಸುವುದು ಸರಿಯಲ್ಲ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಜನರಿಗೆ ಈ ವಿಚಾರ ದೂರದ್ದಲ್ಲ. ಇದು ಸುಣ್ಣಕಲ್ಲಿನ ಸೀಮೆ. ಇಲ್ಲಿಯ ನೆಲದಡಿಯಿಂದ ತೆಗೆದ ಹಾಸುಗಲ್ಲು ಶಹಾಬಾದ್ ಕಲ್ಲು ಎಂಬ ಹೆಸರಿನಿಂದ ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಇದೇ ಸುಣ್ಣಕಲ್ಲನ್ನು ನಂಬಿ ಸಿಮೆಂಟು ಕಾರ್ಖಾನೆಗಳು ಬೆಳೆದಿವೆ. ಕಲ್ಲಿನಿಂದ ಅನ್ನ ದೊರೆಯುತ್ತದೆ. ಕಲ್ಲನ್ನು ಕೊರೆಯುವಾಗ, ಒಡೆಯುವಾಗ, ನಯಮಾಡುವಾಗ ಧೂಳೂ ಏಳುತ್ತದೆ. ಕಲ್ಲಿನ ಧೂಳು, ಬೀಡಿಯ ಹೊಗೆ, ಕಟ್ಟಿಗೆಯ ಒಲೆಯ ಹೊಗೆ ಇವು ವರ್ಷಗಟ್ಟಲೆ ಎದೆಯೊಳಗೆ ಸೇರಿದರೆ ಶ್ವಾಸಕೋಶ ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಮುಪ್ಪಿನಲ್ಲಿ ಉಬ್ಬಸ ಬಲಿತು ಬೈಪ್ಯಾಪ್ ಯಂತ್ರದ ಆಸರೆ ಪಡೆಯುವವರಲ್ಲಿ ಇಂಥ ಬಾಳನ್ನು ಬಾಳಿದವರು ಎಲ್ಲ ನಾಡುಗಳಲ್ಲಿಯೂ ಇದ್ದಾರೆ. 2020ರ ಮಾರ್ಚ್ ತಿಂಗಳಲ್ಲಿ ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಮರಣವೆಂದು ದೃಢಪಟ್ಟದ್ದು ಕಲಬುರಗಿಯ ವೃದ್ಧರೊಬ್ಬರದು. ಆ ಬಳಿಕದ ಎರಡು ವರ್ಷಗಳಲ್ಲಿ ಆಮ್ಲಜನಕದ ಮಾಸ್ಕು ಎಂಬ ವಸ್ತುವನ್ನು ಕಾಣದ ಊರು ಉಳಿಯಲಿಲ್ಲ. ಆಗ ರೋಗಿಯ ಬಾಯಿಗೂ ಮಾಸ್ಕು, ವೈದ್ಯರ ಬಾಯಿಗೂ ಮಾಸ್ಕು. ಬಂಧುಗಳು ಬಾಗಿಲಿನ ಹೊರಗೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿರುವ ಕೊರಗು ಒಂದೇ: ಕೊನೆಯಲ್ಲಿ ಅವರು ಏನು ಹೇಳಬೇಕೆಂದಿದ್ದರೋ ತಿಳಿಯಲಿಲ್ಲ.

ಮಾಸ್ಕಿನೊಳಗೆ ಮಾತು ಏಕೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕಾರಣ ತಿಳಿದರೆ ಅರ್ಧ ಪರಿಹಾರ ದೊರೆತಂತೆ.

ಮನುಷ್ಯ ಮಾತನಾಡುವುದು ಗಾಳಿಯನ್ನು ಹೊರಗೆ ಬಿಡುವಾಗ. ಸುಮ್ಮನಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಮಾತಿಗೆ ತೊಡಗಿದಾಗ ದೇಹ ತಾನಾಗಿ ಲೆಕ್ಕವನ್ನು ಬದಲಿಸುತ್ತದೆ: ಗಾಳಿಯನ್ನು ಬೇಗನೆ ಒಳಗೆಳೆದುಕೊಂಡು ನಿಧಾನವಾಗಿ ಹೊರಬಿಡುತ್ತ, ಆ ಉದ್ದವಾದ ಹೊರಉಸಿರಿನ ಮೇಲೆ ಒಂದು ಪೂರ್ಣ ವಾಕ್ಯವನ್ನು ಸಾಗಿಸುತ್ತದೆ. ದಮ್ಮು ಹತ್ತಿದ ರೋಗಿ ನಿಮಿಷಕ್ಕೆ 30 ಸಲ ಉಸಿರಾಡುತ್ತಿದ್ದರೆ ಒಂದೊಂದು ಉಸಿರಿಗೂ ದೊರೆಯುವ ಕಾಲ 2 ಸೆಕೆಂಡು ಮಾತ್ರ. ಅದರಲ್ಲಿ ಹೊರಉಸಿರಿನ ಪಾಲು ಇನ್ನೂ ಕಡಮೆ. ಅಷ್ಟರಲ್ಲಿ ಎರಡು ಮೂರು ಪದಗಳು ಹೊರಟರೆ ಹೆಚ್ಚು. ಮೇಲಾಗಿ ಯಂತ್ರಕ್ಕೆ ತನ್ನದೇ ಲಯವುಂಟು. ರೋಗಿ ಮಾತನ್ನು ಆರಂಭಿಸಿದ ಕ್ಷಣದಲ್ಲಿಯೇ ಅದು ಗಾಳಿಯನ್ನು ಒಳಗೆ ನೂಕಿದರೆ ಮಾತು ನಡುವೆ ಕತ್ತರಿಸಿಹೋಗುತ್ತದೆ.

ಎರಡನೆಯದು ಅಕ್ಷರಗಳ ಸಂಗತಿ. ವರ್ಣಮಾಲೆಯನ್ನು ಕಲಿಯುವಾಗ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂಬ ವಿಭಾಗಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆತುಬಿಡುವ ಈ ಪಾಠ ರೋಗಿಯ ಮಂಚದ ಬಳಿ ಉಪಯೋಗಕ್ಕೆ ಬರುತ್ತದೆ. ಪ, ಬ, ಮ ಎಂಬ ಓಷ್ಠ್ಯಗಳನ್ನು ತುಟಿ ನೋಡಿಯೇ ಗುರುತಿಸಬಹುದು. ಆದರೆ ಮಾಸ್ಕಿನ ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಮೇಲೆ ಉಸಿರಿನ ಹಬೆ ಕಟ್ಟಿ ತುಟಿ ಮಸುಕಾಗುತ್ತದೆ. ಪಟ್ಟಿಗಳು ಬಿಗಿಯಾದಾಗ ದವಡೆ ಚೆನ್ನಾಗಿ ತೆರೆಯದು, ಆಕಾರ ಕುಗ್ಗುತ್ತದೆ. ಸ, ಶ, ಷ, ಹ ಇವು ಗಾಳಿಯ ಸರಭರದಿಂದಲೇ ಆದ ಅಕ್ಷರಗಳು. ಮಾಸ್ಕಿನ ಗೋಡೆ ಅವುಗಳ ಹರಿತವನ್ನು ತಡೆಯುತ್ತದೆ, ಉಳಿದದ್ದು ಯಂತ್ರದ ಗಾಳಿಯ ಸದ್ದಿನಲ್ಲಿ ಕರಗಿಹೋಗುತ್ತದೆ. ಇದರ ಪರಿಣಾಮವನ್ನು ತಿಳಿಯಲು ಎರಡು ಸಣ್ಣ ಪದಗಳು ಸಾಕು. ‘ಸಾಕು’ ಮತ್ತು ‘ಹಾಕು’ ಎಂಬ ಮಾತುಗಳಿಗೆ ಇರುವ ಅಂತರ ಒಂದೇ ಅಕ್ಷರದ್ದು; ಆ ಅಕ್ಷರವೇ ಮಾಸ್ಕಿನೊಳಗೆ ಅಳಿಸಿಹೋಗುವಂಥದು. ರೋಗಿ ‘ಸಾಕು’ ಎಂದರೆ ಮಾಸ್ಕು ತೆಗೆಯಬೇಕೆಂದು ಅರ್ಥ. ‘ಹಾಕು’ ಎಂದರೆ ಮಾಸ್ಕನ್ನು ಮತ್ತೆ ಹಾಕಬೇಕೆಂದು ಅರ್ಥ. ಕೇಳುವವನ ಕಿವಿಗೆ ಬೀಳುವುದು ‘ಆಕು’ ಎಂಬ ಒಂದೇ ಸದ್ದು. ಅವನು ಊಹಿಸಿ ನಡೆದರೆ ರೋಗಿಯ ಇಚ್ಛೆಗೆ ನೇರ ವಿರುದ್ಧವಾಗಿ ನಡೆಯಬಹುದು.

ಮೂರನೆಯದು ಕನ್ನಡ ವಾಕ್ಯದ ಸ್ವಭಾವ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ಬೇಕು, ಬೇಡ, ಇದೆ, ಇಲ್ಲ, ಬಹುದು, ಬಾರದು ಎಂಬ ತೀರ್ಮಾನದ ಮಾತುಗಳೆಲ್ಲ ಕಟ್ಟಕಡೆಯವು. ‘ಈ ಸೂಜಿ ನನಗೆ ಬೇಡ’ ಎಂಬ ವಾಕ್ಯದಲ್ಲಿ ಮೊದಲ ಮೂರು ಪದಗಳು ಕೇಳಿಸಿ ನಾಲ್ಕನೆಯದು ಕೇಳದಿದ್ದರೆ ಅರ್ಥವೇ ಇಲ್ಲವಾಗುತ್ತದೆ. ಉಸಿರು ಸೋಲುವುದು ವಾಕ್ಯದ ಕೊನೆಯಲ್ಲಿಯೇ. ದನಿ ಇಳಿಯುವುದೂ ಅಲ್ಲಿಯೇ. ವಿನಯವೂ ಉಸಿರನ್ನು ಕೇಳುತ್ತದೆ. ಈ ಭಾಗದ ಹಿರಿಯರು ‘ಡಾಕ್ಟರ್ ಸಾಹೇಬ್ರ’ ಎಂದು ಕರೆಯದೆ ಮಾತು ತೆಗೆಯುವವರಲ್ಲ. ಆ ಸಂಬೋಧನೆಗೇ ಒಂದು ಉಸಿರು ಮುಗಿದು, ಹೇಳಬೇಕಾದುದು ಎದೆಯಲ್ಲಿಯೇ ಉಳಿಯುತ್ತದೆ.

ಈ ತೊಡಕು ವೈದ್ಯವಿಜ್ಞಾನ ಮುಂದುವರಿದಂತೆ ಬೆಳೆದು ಬಂದುದು. 1928ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಪೋಲಿಯೊ ಪೀಡಿತ ಮಗುವೊಂದಕ್ಕೆ ಮೊದಲು ಬಳಸಿದ ಉಕ್ಕಿನ ಶ್ವಾಸಯಂತ್ರವು ಒಂದು ದೊಡ್ಡ ಪೆಟ್ಟಿಗೆಯಂತಿತ್ತು. ದೇಹವೆಲ್ಲ ಒಳಗೆ, ತಲೆ ಮಾತ್ರ ಹೊರಗೆ. ಅದು ಭಾರವಾದ ಯಂತ್ರವಾದರೂ ಬಾಯಿಯನ್ನು ಮುಚ್ಚಿರಲಿಲ್ಲ. ಯಂತ್ರ ಉಸಿರನ್ನು ಹೊರಬಿಡಿಸುವ ಹೊತ್ತು ಕಾದು ರೋಗಿಗಳು ಮಾತನಾಡುತ್ತಿದ್ದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ, ಇದ್ದ ಯಂತ್ರಗಳು ಸಾಲದೆ ಹೋದವು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸಲಹೆಯಂತೆ ರೋಗಿಯ ಕತ್ತಿನಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಡಲಾಯಿತು. ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಕುಳಿತು ಚೀಲಗಳನ್ನು ಹಿಸುಕಿದರು. ನೂರಾರು ಜೀವಗಳಿಗೆ ಉಸಿರಾದರು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯನು, ನಿದ್ರೆಯಲ್ಲಿ ಉಸಿರುಕಟ್ಟುವ ರೋಗಿಗಳಿಗೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ವಿಧಾನವನ್ನು ಪ್ರಕಟಿಸಿದನು. ಮುಂದೆ ಮಾಸ್ಕಿನ ಮೂಲಕ ಉಸಿರಾಟಕ್ಕೆ ನೆರವಾಗುವ ಕ್ರಮ ಎಲ್ಲೆಡೆ ಹಬ್ಬಿತು. ಗಂಟಲಿಗೆ ಕೊಳವೆ ಇಳಿಸದೆ ಜೀವ ಉಳಿಸುವುದು ಇದರಿಂದ ಸಾಧ್ಯವಾಯಿತು. ಇದು ದೊಡ್ಡ ಉಪಕಾರ. ಆದರೆ ಮಾಸ್ಕನ್ನು ರೂಪಿಸಿದವರ ಗಮನವೆಲ್ಲ ಗಾಳಿಯ ಮೇಲಿತ್ತು. ಮಾತಿನ ಮೇಲೆ ಅಷ್ಟು ಗಮನ ಹರಿಯಲಿಲ್ಲ.

ಮಾಸ್ಕಿನೊಳಗಿನಿಂದ ಸ್ಪಷ್ಟವಾದ ಮಾತು ಸಾಧ್ಯವೇ ಇಲ್ಲವೆಂದು ಹೇಳುವವರು ಯುದ್ಧವಿಮಾನದ ಚಾಲಕನನ್ನು ನೋಡಬೇಕು. ಅವನೂ ಆಮ್ಲಜನಕದ ಮಾಸ್ಕನ್ನು ಬಿಗಿದುಕೊಂಡೇ ಆಕಾಶಕ್ಕೆ ಏರುತ್ತಾನೆ. ಅವನ ಸುತ್ತಲಿನ ಸದ್ದು ಆಸ್ಪತ್ರೆಯ ಸದ್ದಿಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಅವನ ಮಾತು ನೆಲದ ಮೇಲಿದ್ದವರಿಗೆ ತಿಳಿಯುತ್ತದೆ. ಏಕೆಂದರೆ ಅವನ ಮಾಸ್ಕಿನೊಳಗೇ ಮೈಕನ್ನು ಅಳವಡಿಸಿರುತ್ತಾರೆ. ಅಕ್ಷರಗಳು ಒಂದಕ್ಕೊಂದು ಕಲಸಿಹೋಗಬಾರದೆಂದು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಒಂದೊಂದು ಅಕ್ಷರಕ್ಕೂ ಗೊತ್ತಾದ ಪದವನ್ನು 1956ರಿಂದ ವಿಮಾನಯಾನದಲ್ಲೆಲ್ಲ ಬಳಸುತ್ತಿದ್ದಾರೆ. ಚಾಲಕನ ಮಾತು ತಿಳಿಯದಿದ್ದರೆ ಅನಾಹುತವಾದೀತೆಂಬ ಅರಿವು ಮೊದಲೇ ಇತ್ತು. ಆದುದರಿಂದ ಉಪಾಯವೂ ಹುಟ್ಟಿತು. ರೋಗಿಗಳಿಗಾಗಿ ಮಾಸ್ಕಿನಲ್ಲಿ ಅಳವಡಿಸುವ ಸಣ್ಣ ಮೈಕುಗಳು ಇತ್ತೀಚೆಗೆ ಹೊರದೇಶಗಳಲ್ಲಿ ತಯಾರಾಗಿವೆ. ಅವು ತಾಲ್ಲೂಕಿನ ಆಸ್ಪತ್ರೆಗಳಿಗೆ ಬರುವವರೆಗೆ ಕಾದು ಕುಳಿತಿರಬೇಕಾಗಿಲ್ಲ. ವಿಮಾನ ಚಾಲಕರಿಂದ ಕಲಿಯಬೇಕಾದ ಮುಖ್ಯ ಪಾಠ ಯಂತ್ರದ್ದಲ್ಲ. ಹೇಳುವವನೂ ಕೇಳುವವನೂ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕೆಂಬುದು ಆ ಪಾಠ.

ರೋಗಿಯ ಮಾತಿಗೆ ಅಷ್ಟೊಂದು ಮಹತ್ವವುಂಟೆ ಎಂದು ಕೆಲವರು ಕೇಳಬಹುದು. ಉಂಟು, ಅದಕ್ಕೆ ಮೂರು ಕಾರಣಗಳಿವೆ. ಒಂದು, ಮಾತು ರೋಗದ ಲಕ್ಷಣವನ್ನೇ ತಿಳಿಸುತ್ತದೆ. ಒಂದೇ ಉಸಿರಿನಲ್ಲಿ ಒಂದು ವಾಕ್ಯವನ್ನು ಮುಗಿಸಲಾರದಿರುವುದು ತೀವ್ರವಾದ ಉಬ್ಬಸದ ಗುರುತು ಎಂದು ವೈದ್ಯರು ಎಣಿಸುತ್ತಾರೆ. ಹೊಸದಾಗಿ ಹುಟ್ಟಿದ ಎದೆನೋವು, ಹೊಟ್ಟೆಯುಬ್ಬರ, ವಾಕರಿಕೆ ಇವನ್ನು ಯಂತ್ರದ ಅಂಕೆಗಳು ಹೇಳಲಾರವು, ರೋಗಿಯೇ ಹೇಳಬೇಕು. ಬಿಗಿದ ಮಾಸ್ಕಿನೊಳಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುವುದರಿಂದ ‘ವಾಕರಿಕೆ’ ಎಂಬ ಒಂದು ಪದ ತಕ್ಷಣ ತಿಳಿಯಬೇಕಾದುದು ಅತ್ಯಗತ್ಯ. ಎರಡು, ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ರೋಗಿಯದು. ಮಾಸ್ಕಿನಿಂದ ಗುಣ ಕಾಣದಿದ್ದರೆ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕಾಗುತ್ತದೆ. ಆ ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ಆಮೇಲೆ ದನಿಯೇ ಹೊರಡದು. ಎಂದರೆ ಮಾಸ್ಕಿನ ದಿನಗಳು ರೋಗಿ ತನ್ನ ಮನಸ್ಸನ್ನು ತಿಳಿಸಬಲ್ಲ ಕೊನೆಯ ಅವಕಾಶವಾಗಿರಬಹುದು. ಮೂರು, ಕೇಳುವವರಿಲ್ಲದ ಮಾತು ಭಯವಾಗಿ ತಿರುಗುತ್ತದೆ. ಭಯ ಹೆಚ್ಚಿದರೆ ಉಸಿರಿನ ಓಟ ಹೆಚ್ಚುತ್ತದೆ. ರೋಗಿ ಮಾಸ್ಕನ್ನು ಕಿತ್ತೆಸೆಯುತ್ತಾನೆ. ಅವನನ್ನು ಹಟಮಾರಿಯೆಂದು ಬೈಯುತ್ತಾರೆ. ಮಾಸ್ಕನ್ನು ಕೀಳುವುದೊಂದೇ ಅವನಿಗೆ ಉಳಿದಿದ್ದ ಭಾಷೆಯೆಂಬುದು ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ ಆಕ್ಷೇಪಗಳೂ ಉಂಟು. ಅವುಗಳಲ್ಲಿ ಸತ್ಯವೂ ಉಂಟು. ಒಬ್ಬ ದಾದಿ ಹಲವು ರೋಗಿಗಳನ್ನು ನೋಡಿಕೊಳ್ಳಬೇಕಾದ ಕಡೆ ಪ್ರತಿಯೊಬ್ಬರ ಬಳಿಯೂ ಕುಳಿತು ಮಾತು ಬಿಡಿಸುವುದಕ್ಕೆ ಹೊತ್ತೆಲ್ಲಿದೆ? ಮಾತನಾಡಿದರೆ ರೋಗಿಗೆ ಆಯಾಸವಾಗುವುದಿಲ್ಲವೆ? ಮಾತಿಗಾಗಿ ಮಾಸ್ಕು ತೆಗೆದರೆ ಆಮ್ಲಜನಕ ಇಳಿದು ಜೀವಕ್ಕೇ ಅಪಾಯವಲ್ಲವೆ? ನಿಜ. ಮಾಸ್ಕನ್ನು ಬಂಧುಗಳು ತಾವಾಗಿ ಎಂದಿಗೂ ಸರಿಸಬಾರದು. ಎಷ್ಟು ಹೊತ್ತು ತೆಗೆಯಬಹುದು, ಆ ಹೊತ್ತಿನಲ್ಲಿ ಮೂಗಿನ ನಳಿಕೆಯಿಂದ ಆಮ್ಲಜನಕ ಕೊಡಬಹುದೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಈ ಆಕ್ಷೇಪಗಳು ರೋಗಿಯನ್ನು ಮೌನವಾಗಿರಿಸಲು ಆಧಾರವಾಗಲಾರವು. ಮಾತು ಆಯಾಸಕರವಾಗಿರುವುದರಿಂದಲೇ ಒಂದು ಪದವೂ ವ್ಯರ್ಥವಾಗಬಾರದು. ಒಂದೇ ಮಾತನ್ನು ಐದು ಸಲ ಹೇಳಿಸುವುದಕ್ಕಿಂತ ಒಂದೇ ಸಲಕ್ಕೆ ತಿಳಿದುಕೊಳ್ಳುವ ಏರ್ಪಾಡು ದಾದಿಯ ಹೊತ್ತನ್ನೂ ಉಳಿಸುತ್ತದೆ, ರೋಗಿಯ ಉಸಿರನ್ನೂ ಉಳಿಸುತ್ತದೆ.

‘ರೋಗಿಯ ಪರವಾಗಿ ಮನೆಯವರು ಹೇಳುತ್ತಾರಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಮನೆಯವರು ರೋಗದ ಹಳೆಯ ಕತೆಯನ್ನು ಹೇಳಬಲ್ಲರು. ಈ ಗಳಿಗೆಯ ನೋವನ್ನು ಹೇಳಲಾರರು. ಮನೆಯಲ್ಲಿ ಮೊದಲೇ ಮಾತಿಗೆ ಅವಕಾಶ ಕಡಮೆಯಿದ್ದ ಅಜ್ಜಿಯ ಅಥವಾ ಸೊಸೆಯ ಪಾಲಿಗೆ ಈ ಪ್ರಾತಿನಿಧ್ಯ ಇನ್ನೊಂದು ಮಾಸ್ಕೇ ಆಗಬಹುದು.

ಹಾಗಾದರೆ ಮಾಡಬೇಕಾದುದೇನು? ಮೊದಲು ರೋಗಿಗೆ ಕಲಿಸಬೇಕಾದ ಕೆಲವು ಸರಳ ಕ್ರಮಗಳಿವೆ. ಗಟ್ಟಿಯಾಗಿ ಕೂಗುವುದರಿಂದ ಪ್ರಯೋಜನವಿಲ್ಲ. ಕೂಗಿದರೆ ಉಸಿರು ಬೇಗ ಮುಗಿಯುತ್ತದೆ, ಮಾಸ್ಕಿನೊಳಗೆ ಸದ್ದು ಇನ್ನಷ್ಟು ಕಲಸಿಕೊಳ್ಳುತ್ತದೆ. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ತುಟಿಗಳನ್ನು ಚೆನ್ನಾಗಿ ಆಡಿಸಿ ನುಡಿಯಬೇಕು. ಯಂತ್ರ ಗಾಳಿಯನ್ನು ತುಂಬಿ ನಿಂತ ಬಳಿಕ, ಹೊರಉಸಿರಿನ ಆರಂಭದಲ್ಲಿಯೇ ಮಾತು ತೊಡಗಬೇಕು. ಒಂದು ಉಸಿರಿಗೆ ಎರಡು ಪದ ಸಾಕು. ಮುಖ್ಯವಾದ ಪದವನ್ನು ಮೊದಲು ಹೇಳಬೇಕು: ‘ಬೇಡ, ಸೂಜಿ’, ‘ನೋವು, ಎದೆ’, ‘ಬೇಕು, ನೀರು’. ವ್ಯಾಕರಣದ ಕ್ರಮ ತಲೆಕೆಳಗಾದರೂ ಚಿಂತೆಯಿಲ್ಲ, ಅರ್ಥ ನೆಟ್ಟಗಿರುತ್ತದೆ. ಸಂಬೋಧನೆಯನ್ನೂ ವಿನಯದ ಮಾತುಗಳನ್ನೂ ಬಿಡಬಹುದೆಂದು ವೈದ್ಯರೇ ರೋಗಿಗೆ ಹೇಳಿ ಅವನ ಸಂಕೋಚವನ್ನು ಬಿಡಿಸಬೇಕು. ಒತ್ತಡದ ಗಾಳಿ ಬಾಯನ್ನು ಒಣಗಿಸುತ್ತದೆ. ಒಣಗಿದ ನಾಲಗೆ ಅಕ್ಷರವನ್ನು ತಿದ್ದಲಾರದು. ಆದುದರಿಂದ ವೈದ್ಯರು ಒಪ್ಪಿದ ಸಮಯದಲ್ಲಿ ಬಾಯನ್ನು ಒದ್ದೆ ಮಾಡಬೇಕು. ಕನ್ನಡಕ, ಕಿವಿಯ ಯಂತ್ರ ಇದ್ದವರಿಗೆ ಅವು ಕೈಗೆ ಸಿಗುವಂತಿರಬೇಕು.

ಕೇಳುವವನ ಹೊಣೆ ಇದಕ್ಕಿಂತ ದೊಡ್ಡದು, ಏಕೆಂದರೆ ಅವನಿಗೆ ಉಸಿರಿನ ಕೊರತೆಯಿಲ್ಲ. ಅವನು ರೋಗಿಯ ಎದುರಿಗೆ, ಬೆಳಕಿನಲ್ಲಿ, ಕಣ್ಣಿಗೆ ಕಣ್ಣು ಕೂಡುವಂತೆ ನಿಲ್ಲಬೇಕು. ಟಿ.ವಿ., ಮೊಬೈಲುಗಳ ಸದ್ದನ್ನು ನಿಲ್ಲಿಸಬೇಕು. ಹೌದು, ಇಲ್ಲ ಎಂಬ ಉತ್ತರ ಸಾಕಾಗುವ ಪ್ರಶ್ನೆಗಳನ್ನು ಕೇಳಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ನೋವಿದೆಯೆ? ಎದೆಯಲ್ಲಿಯೆ? ಹೆಚ್ಚಾಗುತ್ತಿದೆಯೆ?’ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ತಿಳಿದುದನ್ನು ತಾನೇ ಒಮ್ಮೆ ನುಡಿದು ತೋರಿಸಿ, ರೋಗಿ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋಗಬೇಕು. ರೋಗಿಯ ವಾಕ್ಯವನ್ನು ಅವಸರದಿಂದ ತಾನೇ ಮುಗಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಿಳಿಯದಿದ್ದಾಗ ತಿಳಿದಂತೆ ನಟಿಸಬಾರದು. ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ’ ಎಂಬ ಪ್ರಾಮಾಣಿಕವಾದ ಮಾತು ‘ಆಯಿತು, ಆಯಿತು’ ಎಂಬ ಸಮಾಧಾನಕ್ಕಿಂತ ಮೇಲು.

ಇನ್ನು ಆಸ್ಪತ್ರೆಯ ಹೊಣೆ. ಮಾಸ್ಕು ಹಾಕುವುದಕ್ಕೆ ಮುಂಚೆ ಎರಡು ನಿಮಿಷ ಸಿಗುವಂತಿದ್ದರೆ ಸಂಜ್ಞೆಗಳನ್ನು ಗೊತ್ತು ಮಾಡಿಕೊಳ್ಳಬೇಕು: ಅಂಗೈ ಎತ್ತಿದರೆ ‘ಸಾಕು’, ಮುಷ್ಟಿ ಹಿಡಿದರೆ ‘ನೋವು’, ಹೊಟ್ಟೆಯ ಮೇಲೆ ಕೈಯಿಟ್ಟರೆ ‘ವಾಕರಿಕೆ’. ಆಗ ‘ಸಾಕು’, ‘ಹಾಕು’ಗಳ ಗೊಂದಲ ಒಂದು ಕೈಸನ್ನೆಯಿಂದಲೇ ಬಗೆಹರಿಯುತ್ತದೆ. ಪ್ರತಿಯೊಂದು ಮಂಚದ ಬಳಿಯೂ ಒಂದು ಸ್ಲೇಟು ಅಥವಾ ಕಾಗದ, ಪೆನ್ಸಿಲು ಇರಬೇಕು. ಓದು ಬರಹ ಬಾರದವರಿಗಾಗಿ ಚಿತ್ರಗಳ ಹಲಗೆಯಿರಬೇಕು: ನೀರಿನ ಲೋಟ, ಮಲಗುವ ಭಂಗಿ, ಶೌಚ, ಚಳಿ, ಸೆಕೆ, ಮನೆಯವರು. ರೋಗಿ ಬೆರಳಿಟ್ಟು ತೋರಿಸಿದರೆ ಸಾಕು. ಇವುಗಳಿಗೆ ಬೇಕಾದುದು ಒಂದು ರಟ್ಟಿನ ಬೆಲೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತಿನ ತೊಂದರೆಗಳನ್ನು ತಿದ್ದುವ ತಜ್ಞರನ್ನು ದೇಶಕ್ಕೆಲ್ಲ ಕೊಟ್ಟಿದೆ. ಅಂಥ ಸಂಸ್ಥೆ ಕರ್ನಾಟಕದ ನೆಲದಲ್ಲಿಯೇ ಇರುವುದು ಹೆಮ್ಮೆಯ ಸಂಗತಿ. ಆ ವಿದ್ಯೆ ರಾಜ್ಯದ ಇನ್ನೊಂದು ತುದಿಯ ತಾಲ್ಲೂಕು ಆಸ್ಪತ್ರೆಗಳ ದಾದಿಯರವರೆಗೂ ಹರಿದು ಬಂದರೆ ಆ ಹೆಮ್ಮೆ ಸಾರ್ಥಕವಾದೀತು.

ಸೇಡಂ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಕೂಡಿಕೊಳ್ಳುತ್ತದೆ. ಇದು ಗಡಿನಾಡು. 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ರಾಜ್ಯಕ್ಕೂ ಸೇರಿದ್ದ ಈ ನೆಲದಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತುಗಳು ನೆರೆಹೊರೆಯಂತೆ ಬಾಳುತ್ತಿವೆ. ಹೆಚ್ಚಿನ ಚಿಕಿತ್ಸೆಗೆಂದು ಇಲ್ಲಿಯ ರೋಗಿಗಳು ಒಂದು ಕಡೆ ಕಲಬುರಗಿಗೂ ಇನ್ನೊಂದು ಕಡೆ ವಾಡಿ–ಸಿಕಂದರಾಬಾದ್ ರೈಲುಹಾದಿ ಹಿಡಿದು ಹೈದರಾಬಾದಿಗೂ ಹೋಗುತ್ತಾರೆ. ಆರೋಗ್ಯವಿದ್ದಾಗ ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡುವವನೂ ಸಂಕಟ ಬಂದಾಗ ತಾಯಿಯಿಂದ ಕಲಿತ ಮಾತಿಗೇ ಮರಳುತ್ತಾನೆ. ಕನ್ನಡದೊಳಗೂ ಅಂತರಗಳಿವೆ. ಇಲ್ಲಿಯ ಮುದುಕಿ ‘ದಮ್ಮು ಹತ್ತ್ಯಾದ’, ‘ನೀರಡಿಕಿ ಆಗ್ಯಾದ’, ‘ಎದಿ ಹಿಡದಾದ’ ಎಂದಾಗ ಬೇರೆ ಜಿಲ್ಲೆಯಿಂದ ಬಂದ ದಾದಿ ಅದನ್ನು ನೇರವಾಗಿ ಕೇಳಿದರೂ ಒಂದು ಕ್ಷಣ ತಡೆದು ನಿಲ್ಲಬಹುದು. ಮಾಸ್ಕಿನ ಮೂಲಕ ಕೇಳಿದರೆ ಹೇಳಬೇಕಾದುದೇನು! ಆದುದರಿಂದ ಮಂಚದ ಬಳಿಯ ಹಲಗೆಯಲ್ಲಿ ಗ್ರಂಥಗಳ ಭಾಷೆಯ ‘ಬಾಯಾರಿಕೆ’ಯ ಜೊತೆಗೆ ಮನೆಯ ಮಾತಿನ ‘ನೀರಡಿಕಿ’ಯೂ ಇರಬೇಕು. ಕನ್ನಡದ ಪಕ್ಕದಲ್ಲಿ ನೆರೆಯ ಭಾಷೆಗಳ ಪದಗಳೂ ಇರಬೇಕು.

ಈ ಕೆಲಸದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಪಾಲಿದೆ. ಅಜ್ಜ ಅಜ್ಜಿಯರ ಜೊತೆಗೆ ಆಸ್ಪತ್ರೆಗೆ ಹೋಗಿ ಹೆಸರು ಬರೆಸುವವರು, ಚೀಟಿ ಓದಿ ಹೇಳುವವರು ಎಷ್ಟೋ ಮನೆಗಳಲ್ಲಿ ಅವರೇ. ಮನೆಯ ಮಾತನ್ನೂ ಶಾಲೆಯ ಕನ್ನಡವನ್ನೂ ಅವರು ಸಮನಾಗಿ ಬಲ್ಲರು. ಚಿಕಿತ್ಸೆಯ ಗಂಭೀರವಾದ ನಿರ್ಣಯಗಳ ಭಾರವನ್ನು ಮಕ್ಕಳ ಮೇಲೆ ಹೊರಿಸಬಾರದು. ಆದರೆ ‘ಅಜ್ಜನಿಗೆ ನೀರು ಬೇಕಂತೆ’, ‘ಅಜ್ಜಿಗೆ ಪಟ್ಟಿ ಬಿಗಿಯಾಗಿದೆಯಂತೆ’ ಎಂದು ತಿಳಿಸಲು ಅವರಿಗಿಂತ ಒಳ್ಳೆಯ ದುಭಾಷಿಗಳಿಲ್ಲ. ತಮ್ಮ ಊರಿನ ಮಾತುಗಳನ್ನು ಕಲೆಹಾಕಿ, ಚಿತ್ರ ಬರೆದು, ಹತ್ತಿರದ ಆಸ್ಪತ್ರೆಗೆ ಒಂದು ಹಲಗೆಯನ್ನು ಸಿದ್ಧಪಡಿಸಿ ಕೊಡುವುದು ಒಂದು ತರಗತಿಗೆ ಕಷ್ಟದ ಕೆಲಸವೇನಲ್ಲ. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ತಮ್ಮ ಕೈಗಳಿಂದ ಉಸಿರನ್ನು ಕೊಟ್ಟರು. ಸೇಡಮಿನ ವಿದ್ಯಾರ್ಥಿಗಳು ತಮ್ಮ ಕಿವಿಗಳಿಂದ ಮಾತನ್ನು ಕೊಡಬಲ್ಲರು.

ಸೇಡಂ ತಾಲ್ಲೂಕಿನ ಮಳಖೇಡವು ಕಾಗಿಣಾ ನದಿಯ ದಂಡೆಯಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಅದು. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಉಪಲಬ್ಧವಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಕನ್ನಡ ನಾಡಿನ ಜನರನ್ನು ಹೊಗಳುವಾಗ ಆ ಗ್ರಂಥ ಎರಡು ಗುಣಗಳನ್ನು ಒಟ್ಟಿಗೆ ಹೇಳುತ್ತದೆ: ಹದವರಿತು ನುಡಿಯಬಲ್ಲ ಶಕ್ತಿ ಒಂದು, ಇತರರು ನುಡಿದುದನ್ನು ಅರಿತು ವಿಚಾರ ಮಾಡಬಲ್ಲ ಶಕ್ತಿ ಇನ್ನೊಂದು. ಮೊದಲನೆಯ ಗುಣವನ್ನು ಎಲ್ಲರೂ ನೆನೆಯುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಸುಸ್ಪಷ್ಟವಾಗಿ ಆಡಿದ ಮಾತನ್ನು ಯಾರಾದರೂ ಕೇಳಿಯಾರು. ಸೋತ ಉಸಿರಿನ ಮೇಲೆ ತೇಲಿಬಂದು, ಪ್ಲಾಸ್ಟಿಕ್ಕಿನ ಗೋಡೆಗೆ ತಾಗಿ, ಯಂತ್ರದ ಸದ್ದಿನಲ್ಲಿ ಅರ್ಧ ಕರಗಿದ ಮಾತನ್ನು ಅರಿಯುವುದಕ್ಕೆ ಪ್ರೀತಿ ಬೇಕು, ಅಭ್ಯಾಸವೂ ಬೇಕು. ರೋಗಿಯ ಹಾಸಿಗೆಯ ಬಳಿ ಕಳೆದ ಎರಡು ನಿಮಿಷಗಳ ತಾಳ್ಮೆ ಅವನ ಪ್ರಾಣವನ್ನು ಉಳಿಸಬಹುದು. ಪ್ರಾಣ ಉಳಿಯದೆ ಹೋದರೂ ಅವನು ಹೇಳಬೇಕೆಂದಿದ್ದ ಮಾತು ಹೇಳಬೇಕಾದವರನ್ನು ಮುಟ್ಟಿರುತ್ತದೆ.